ಸ್ಪ್ಯಾನಿಷ್ ಮಾತಾಡಿದ ಹಂತಕಿ ಮತ್ತು ಮೋಟೆಬೆನ್ನೂರಿನ ಗಂಗಕ್ಕ

ಸ್ಪೇನ್ ದೇಶದ ಮುರ್ಸಿಯಾ ಎಂಬ ಊರಿನ ಹತ್ತಿರ, ಒಂದು ಕಾರ್ಖಾನೆಯ ಕೋಣೆಯಲ್ಲಿ ನಡೆದದ್ದನ್ನು ನಾನು ಈವರೆಗೆ ನಾಲ್ಕೈದು ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ ಸ್ವಲ್ಪ ಬೇರೆಯಾಗಿಯೇ ಹೇಳಿದ್ದೇನೆ. ಹೆಂಡತಿಗೆ ಹೇಳಿದಾಗ ನಾನು ಧೈರ್ಯವಂತ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದಾಗ ತಮಾಷೆಗಾರ. ಒಬ್ಬನೇ ಕೂತು ನೆನೆದಾಗ ಎರಡೂ ಅಲ್ಲ. ಅಲ್ಲಿ ಯಾರು ಮೊದಲು ಬಾಯಿ ತೆರೆದರು, ನಾನು ನಿಜವಾಗಿ ಏನು ಹೇಳಿದೆ ಎಂಬುದು ನನಗೆ ಗೊತ್ತಿಲ್ಲ. ಹೋಗಿದ್ದಂತೂ ಹೌದು, ಪಾಸ್‌ಪೋರ್ಟಿನಲ್ಲಿ ಎರಡು ಸಾವಿರದ ಆರನೇ ಇಸವಿಯ ಠಸ್ಸೆ ಇದೆ. ಉಳಿದದ್ದನ್ನು ಓದುವವರು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಬ್ಯಾಡಗಿ

ನಾನು ಹಾವೇರಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಒಂದು ಕಡೆ ನೆಲೆ ನಿಲ್ಲುವ ಸ್ವಭಾವ ನನ್ನದಲ್ಲ. ಹಾಗಾಗಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಚನ್ನಬಸಪ್ಪ ಸಾವಕಾರ್ರು ಕರೆದಾಗ ಯಾಕೆ ಎಂದು ಕೇಳುವ ಮೊದಲೇ ಒಪ್ಪಿದ್ದೆ.

ಅವರ ತೊಂದರೆ ಹೀಗಿತ್ತು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿ ಮುರ್ಸಿಯಾದ ಒಂದು ಕಂಪನಿ ಅವರಿಂದ ಕಾಯಿ ತರಿಸಿಕೊಂಡಿತ್ತು. ಅಲ್ಲಿ ಚೀಲ ಬಿಚ್ಚಿದಾಗ ಅನೇಕ ಚೀಲಗಳಲ್ಲಿ ಬೂಷ್ಟು. ನಿಮ್ಮಲ್ಲಿಂದಲೇ ಹಸಿಯಾಗಿ ಬಂದಿದೆ ಎಂದು ಕಂಪನಿಯವರು ಬರೆದರೆ, ನಿಮ್ಮ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ತೇವ ಕುಡಿದಿದೆ ಎಂದು ಸಾವಕಾರ್ರು ಬರೆಸಿದರು. ಕೊನೆಗೆ ಆ ಕಂಪನಿಯವರು, ಕಾಯಿ ಹಸನು ಮಾಡಿಸಿದವರನ್ನೇ ಕರೆದುಕೊಂಡು ಬನ್ನಿ, ಹೇಗೆ ಮಾಡುತ್ತೀರಿ ಎಂದು ಕಣ್ಣಾರೆ ನೋಡುತ್ತೇವೆ ಎಂದರು. ಅಲ್ಲಿ ಇಂಗ್ಲಿಷಿನಲ್ಲಿ ಮಾತು ದಾಟಿಸಲು ನಾನು ಬೇಕಾಗಿತ್ತು.

ಹಸನು ಮಾಡಿಸಿದವಳು ಗಂಗಕ್ಕ. ಮೋಟೆಬೆನ್ನೂರಿನವಳು, ಐವತ್ತರ ಆಸುಪಾಸು. ಹನ್ನೊಂದು ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಸಾವಕಾರ್ರ ಅಂಗಡಿಯಲ್ಲಿ ಸುಗ್ಗಿಯುದ್ದಕ್ಕೂ ತೊಟ್ಟು ತೆಗೆಯುವ ಕೆಲಸ. ಅವಳಿಗೆ ಪಾಸ್‌ಪೋರ್ಟ್ ಮಾಡಿಸಿ, ಹುಬ್ಬಳ್ಳಿಯಿಂದ ಒಂದು ಸ್ವೆಟರ್ ತಂದುಕೊಟ್ಟು, ಸಾವಕಾರ್ರು ನನ್ನ ಎದುರಿಗೇ ಹೇಳಿದರು.

"ನೋಡು ಗಂಗಮ್ಮ, ಅಲ್ಲಿ ನೀ ಹೇಳೂದು ಒಂದ ಮಾತು. ತೊಟ್ಟು ತಗದ ಮ್ಯಾಲೆ ಎರಡು ದಿನ ಬಿಸಲಿಗೆ ಹಾಕಿದ್ವಿ ಅಂತ. ಅಷ್ಟ."

"ಹೂಂ ರಿ."

"ಅಷ್ಟ ಅಂದ್ರ ನಿನ್ನ ಹನ್ನೊಂದು ಮಂದೀಗೂ ಮುಂದಿನ ಸುಗ್ಗಿ ಕೆಲಸ ಪಕ್ಕಾ. ಇಲ್ಲಾಂದ್ರ ನಾನೂ ಇಲ್ಲ, ನೀವೂ ಇಲ್ಲ."

ಬೆದರಿಸಿದ ದನಿ ಅದಲ್ಲ. ಊಟಕ್ಕೆ ಕರೆದಷ್ಟು ಸಲೀಸಾಗಿ ಹೇಳಿದ್ದರು.

ಮ್ಯಾಡ್ರಿಡ್

ವಿಮಾನದ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಗಂಗಕ್ಕ ಕಿಟಕಿಯ ಪಕ್ಕ ಕೂತು, ಕೆಳಗೆ ಮೋಡ ನೋಡಿ, "ಹತ್ತಿ ಹಿಂಜಿ ಹಾಸ್ಯಾರ" ಎಂದು ನಿದ್ದೆ ಹೋದಳು. ನಿದ್ದೆ ಬಾರದೆ ಒದ್ದಾಡಿದವನು ನಾನು.

ಮರುದಿನ ಮುಂಜಾನೆ ಹೋಟೆಲಿನಲ್ಲಿ ತಿಂಡಿ. ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ ಉಜ್ಜಿ, ಎಣ್ಣೆ ಸುರಿದು ತಿನ್ನುವುದು ಅಲ್ಲಿಯ ಪದ್ಧತಿ. ಗಂಗಕ್ಕ ಎಲ್ಲರನ್ನೂ ನೋಡಿ ತಾನೂ ಮುಳ್ಳುಚಮಚ ಹಿಡಿದು ಬ್ರೆಡ್ಡನ್ನು ಚುಚ್ಚಿದಳು. ಅದು ಜಿಗಿದು ಪಕ್ಕದ ಟೇಬಲ್ಲಿನ ಮುದುಕನ ಪತ್ರಿಕೆಯ ಮೇಲೆ ಬಿತ್ತು. ಮುದುಕ ಅದನ್ನು ಎರಡು ಬೆರಳಲ್ಲಿ ಎತ್ತಿ ತಂದುಕೊಟ್ಟು, ಕೈಯಲ್ಲೇ ತಿನ್ನು ಎಂದು ಸನ್ನೆ ಮಾಡಿದ. ಗಂಗಕ್ಕ ಸಮಾಧಾನವಾಗಿ ಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಬ್ರೆಡ್ಡಿನ ಎಣ್ಣೆಯ ಮೇಲೆ ಉದುರಿಸಿದಳು. ಮುದುಕನಿಗೂ ಒಂದು ಚಮಚ ಕೊಟ್ಟಳು. ಆತ ತಿಂದು, ಕಣ್ಣು ಒರೆಸಿಕೊಂಡು, ಮತ್ತೆ ತಟ್ಟೆ ಚಾಚಿದ.

"ಮಾಸ್ತರ, ಈ ಪುಡೀನ ಮಾರಿದ್ರ ನಮಗ ಈ ಫಜೀತಿ ಇರತಿರಲಿಲ್ಲ" ಎಂದರು ಸಾವಕಾರ್ರು.

ಬಸ್ಸಿನಲ್ಲಿ

ತಿಂಡಿ ಮುಗಿಸಿ ಮುರ್ಸಿಯಾಕ್ಕೆ ಬಸ್ಸಿನಲ್ಲಿ ಹೊರಟೆವು. ಹೊರಗೆ ಒಣ ಬಯಲು, ಕೆಂಪು ಮಣ್ಣು, ದೂರದೂರಕ್ಕೆ ಒಂದೊಂದು ಮರ. ರಾಣೆಬೆನ್ನೂರು ದಾಟಿ ಹೋಗುವಾಗ ಬೇಸಿಗೆಯಲ್ಲಿ ಕಾಣುವ ನೆಲದಂತೆಯೇ ಇತ್ತು. ಅಷ್ಟು ದೂರ ಹೋಗಿ ಇದನ್ನೇ ನೋಡಬೇಕೇ ಎನಿಸಿತು. ಸಾವಕಾರ್ರು ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರು.

ಡ್ರೈವರ್ ತಲೆಯ ಮೇಲಿದ್ದ ಟೀವಿಯಲ್ಲಿ ಒಂದು ಪಿಕ್ಚರ್ ಹಾಕಿದ. ಅಮೆರಿಕದ್ದು, ಆದರೆ ಎಲ್ಲರೂ ಸ್ಪ್ಯಾನಿಷ್ ಮಾತಾಡುತ್ತಿದ್ದರು. ಸ್ಪೇನಿನವರು ಹೊರಗಿನ ಎಲ್ಲರಿಗೂ ತಮ್ಮ ಮಾತು ತುಂಬಿಯೇ ನೋಡುತ್ತಾರಂತೆ. ಎರಡು ನಿಮಿಷದಲ್ಲಿ ನನಗೆ ಕತೆಯ ಗುರುತು ಹತ್ತಿತು. ಒಬ್ಬ ಹುಡುಗಿಯನ್ನು ಸರಕಾರ ಗುಟ್ಟಾಗಿ ಹಂತಕಿಯಾಗಿ ತಯಾರು ಮಾಡುವ ಕತೆ. ಮೊದಲು ಫ್ರಾನ್ಸಿನವರು ತೆಗೆದಿದ್ದರು, ಆಮೇಲೆ ಅಮೆರಿಕದವರು ಅದನ್ನೇ ತಮ್ಮ ಊರಿಗೆ ಒಗ್ಗಿಸಿ ಮತ್ತೆ ತೆಗೆದರು. ಫ್ರೆಂಚ್ ಚಿತ್ರವನ್ನು ಧಾರವಾಡದಲ್ಲಿ ಓದುವಾಗ ನೋಡಿದ್ದೆ. ಅಮೆರಿಕದ್ದನ್ನು ರಾಣೆಬೆನ್ನೂರಿನ ಟಾಕೀಸಿನಲ್ಲಿ, ಮುಂಜಾನೆಯ ಆಟದಲ್ಲಿ. ಇಷ್ಟು ಹೇಳುವಾಗಲೇ ಅನುಮಾನ ಬರುತ್ತದೆ. ಎರಡೂ ನನ್ನ ತಲೆಯಲ್ಲಿ ಕಲಸಿಹೋಗಿವೆ.

"ಈಕಿ ಯಾರ್ರಿ ಸರ?" ಗಂಗಕ್ಕ ಕೇಳಿದಳು.

"ಖೂನಿ ಮಾಡಿ ಸಿಕ್ಕಿಬಿದ್ದಾಕಿ ರಿ. ಸತ್ತಾಳ ಅಂತ ಊರಿಗೆಲ್ಲ ಹೇಳಿ, ಒಳಗ ಇಟಗೊಂಡು ತರಬೇತಿ ಕೊಡಾಕತ್ತಾರ."

"ಏನ ತರಬೇತಿ?"

"ಮಂದೀನ ಹೊಡಿಯಾಕ."

"ಮೊದಲ ಹೊಡದ ಬಂದಾಳಲ್ಲ. ಮತ್ತೇನ ಕಲಸ್ತಾರ?"

"ತಾವು ಹೇಳಿದವ್ರನ್ನ ಹೊಡಿಯೂದು ಕಲಸ್ತಾರ."

ಅಷ್ಟರಲ್ಲಿ ಪರದೆಯ ಮೇಲೆ ಒಬ್ಬ ಠೀವಿಯ ಹೆಂಗಸು ಆ ಹುಡುಗಿಗೆ ಮೇಜಿನ ಮುಂದೆ ಕೂತು ತಿನ್ನುವುದು, ಮಾತಾಡುವುದು ಹೇಳಿಕೊಡುತ್ತಿದ್ದಳು. "ಇದು ನನಗ ಮುಂಜಾನೆ ಬೇಕಾಗಿತ್ತು ನೋಡ್ರಿ" ಎಂದು ಗಂಗಕ್ಕ ನಕ್ಕಳು.

ಹುಡುಗಿ ಹೊರಗೆ ಬಂದಳು. ಹೊಸ ಹೆಸರು, ಒಳ್ಳೆಯ ಬಟ್ಟೆ, ಅವಳನ್ನು ನಂಬಿದ ಒಬ್ಬ ಗೆಳೆಯ. ನಡುವೆ ಒಂದು ಫೋನು. ಹೋಗು, ಹೊಡಿ. ಗಂಗಕ್ಕ ನಗು ಬಿಟ್ಟು ಮುಂದೆ ಬಾಗಿ ಕೂತಳು.

"ಯಾರನ್ನ ಹೊಡಿಯಾಕ ಹೊಂಟಾಳಂತ ಆಕೀಗೆ ಗೊತ್ತದ ಏನ್ರಿ?"

"ಗೊತ್ತಿರೂದಿಲ್ಲ. ಜಾಗ ಹೇಳ್ತಾರ, ಅಷ್ಟ."

"ಅವ್ರು ಏನ ಮಾಡಿದ್ರಂತ?"

"ಅದನ್ನೂ ಹೇಳೂದಿಲ್ಲ."

"ಈಕಿ ಕೇಳೂದೂ ಇಲ್ಲ?"

"ಒಂದ ಸಲ ಕೇಳ್ತಾಳ ರಿ" ಎಂದೆ. ಯಾಕೆ ಹಾಗೆಂದೆನೋ. ಅಂಥ ದೃಶ್ಯ ಫ್ರೆಂಚ್ ಚಿತ್ರದಲ್ಲಿತ್ತೋ, ಅಮೆರಿಕದ್ದರಲ್ಲಿತ್ತೋ, ರಾಣೆಬೆನ್ನೂರಿನಿಂದ ಹಾವೇರಿಗೆ ಬಸ್ಸಿನಲ್ಲಿ ಬರುವಾಗ ನಾನೇ ಕಟ್ಟಿಕೊಂಡಿದ್ದೆನೋ.

ನೋಡಿ ತಿಳಿಯೋಣವೆಂದರೆ ಬಸ್ಸು ಅಲ್ಬಾಸೇತೆ ಎಂಬ ಊರಿನಲ್ಲಿ ನಿಂತಿತು. ಆ ನಿಲ್ದಾಣದ ಅಂಗಡಿಯಲ್ಲಿ ಚಕ್ಕುಲಿ, ಬಾಳೆಹಣ್ಣಿನ ಬದಲು ಬರೀ ಚೂರಿಗಳು. ಸಾಲುಸಾಲು ಮಡಚುವ ಚೂರಿಗಳು. ಆ ಊರು ಹೆಸರಾದದ್ದೇ ಅದಕ್ಕಂತೆ. ಸಾವಕಾರ್ರು ಒಂದನ್ನು ಬಿಚ್ಚಿ ಮುಚ್ಚಿ ನೋಡಲು ಹೋಗಿ ಹೆಬ್ಬೆರಳು ಕೊಯ್ದುಕೊಂಡರು. ಅವರ ಬೆರಳಿಗೆ ಬಟ್ಟೆ ಸುತ್ತಿ ಬಸ್ಸು ಹತ್ತುವಷ್ಟರಲ್ಲಿ ಡ್ರೈವರ್ ಪಿಕ್ಚರ್ ತೆಗೆದು ಫುಟ್‌ಬಾಲ್ ಹಾಕಿದ್ದ.

"ಆಕೀದು ಮುಂದೇನಾತ್ರಿ?"

"ಎಲ್ಲಾ ಬಿಟ್ಟು ಹೋಗ್ತಾಳ ರಿ."

"ಎಲ್ಲಿಗೆ?"

ಅದು ನನಗೆ ಗೊತ್ತಿರಲಿಲ್ಲ. ಗಂಗಕ್ಕ ಹಿಂದಿನ ಸೀಟಿನ ಗೊರಕೆ ಮತ್ತೆ ಶುರುವಾದ ಮೇಲೆ ಹೇಳಿದಳು. "ಆ ಕಾಯಿ ಒಂದ ದಿನಾನೂ ಬಿಸಲ ಕಂಡಿಲ್ರಿ ಸರ. ಲಾರಿ ಬಂದು ನಿಂತಿತ್ತು. ತೊಟ್ಟು ತಗದಿದ್ದ ತಡ, ಚೀಲಕ್ಕ ತುಂಬು ಅಂದ್ರು ಸಾವಕಾರ್ರು. ತುಂಬಿದ್ವಿ."

ಒಣಗಿದ ಕಾಯಿಯ ತೊಟ್ಟು ತೆಗೆಯುವ ಮೊದಲು ನಮ್ಮ ಕಡೆ ತೆಳ್ಳಗೆ ನೀರು ಚಿಮುಕಿಸುತ್ತಾರೆ. ಇಲ್ಲದಿದ್ದರೆ ಕಾಯಿ ಮುರಿದು ಬೀಜ ಉದುರುತ್ತದೆ, ಘಾಟು ಏಳುತ್ತದೆ. ಆಮೇಲೆ ಮತ್ತೆ ಬಿಸಿಲಿಗೆ ಹಾಕಬೇಕು. ಆ ಬಿಸಿಲು ತಪ್ಪಿದ್ದರಿಂದಲೇ ಬೂಷ್ಟು ಎಂದು ನನಗೂ ತಿಳಿಯಿತು. ಕಿಟಕಿಯ ಹೊರಗೆ ನೋಡಿದೆ.

ಮುರ್ಸಿಯಾ, ಮೊದಲ ದಿನ

ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಊರೆಲ್ಲ ಬಾಗಿಲು ಹಾಕಿತ್ತು. ಐದರ ತನಕ ಯಾರೂ ಸಿಗುವುದಿಲ್ಲವೆಂದು ಹೋಟೆಲಿನವನು ಹೇಳಿ, ತಾನೂ ಒಳಗೆ ಹೋದ. ರಾಣೆಬೆನ್ನೂರಿನ ಬಟ್ಟೆ ಅಂಗಡಿಗಳಲ್ಲಿ ಮಧ್ಯಾಹ್ನ ಗಂಟಿನ ಮೇಲೆ ತಲೆಯಿಟ್ಟು ಮಲಗುವವರಿದ್ದಾರೆ. ಆದರೆ ಗಿರಾಕಿ ಕೆಮ್ಮಿದರೆ ಏಳುತ್ತಾರೆ. ಇಲ್ಲಿ ಕೆಮ್ಮಿಗೂ ಯಾರೂ ಏಳುವ ಹಾಗೆ ಕಾಣಲಿಲ್ಲ.

"ಇಡೀ ಊರ ಮಕ್ಕೊಂಡೈತಿ. ನಮ್ಮ ಕಾಯಿ ಇಲ್ಲಿ ಬೂಷ್ಟು ಹಿಡೀಲಾರದ ಏನ ಮಾಡೀತು?" ಸಾವಕಾರ್ರು ಬಟ್ಟೆ ಸುತ್ತಿದ ಹೆಬ್ಬೆರಳು ಎತ್ತಿ ಹೇಳಿದರು.

ಸಂಜೆ ಐದಕ್ಕೆ ಇನ್ಮಾ ಎಂಬ ಹೆಣ್ಣುಮಗಳು ಕಾರು ತಂದಳು. ಕಂಪನಿಯಲ್ಲಿ ಮಾಲಿನ ಗುಣ ಪರೀಕ್ಷಿಸುವವಳು, ಇಂಗ್ಲಿಷ್ ಬಲ್ಲವಳು. ಕಾರ್ಖಾನೆಯ ಬಾಗಿಲಲ್ಲಿ ಇನ್ನೊಬ್ಬಳು ನಿಂತಿದ್ದಳು. ದಪ್ಪನೆಯ ದೇಹ, ಬೂದು ಏಪ್ರನ್, ಸೊಂಟಕ್ಕೆ ಬೀಗದ ಕೈಗಳ ಗೊಂಚಲು. ವಖಾರ ನೋಡಿಕೊಳ್ಳುವ ಆಂತೋನಿಯಾ. ಅವಳು ನೆಟ್ಟಗೆ ಗಂಗಕ್ಕನ ಹತ್ತಿರ ಬಂದು ಎರಡೂ ಕೆನ್ನೆಗೆ ಕೆನ್ನೆ ತಾಗಿಸಿ ಮುದ್ದು ಕೊಟ್ಟಳು. ಅಲ್ಲಿಯ ನಮಸ್ಕಾರ ಅದು. ಗಂಗಕ್ಕ ಸೆರಗಿನಿಂದ ಕೆನ್ನೆ ಒರೆಸಿಕೊಂಡು, ನಾಚಿ ನಕ್ಕಳು.

ಆಂತೋನಿಯಾ ಒಂದು ಉಂಡೆಯಾಕಾರದ ಒಣ ಮೆಣಸಿನಕಾಯಿಯನ್ನು ಗಂಗಕ್ಕನ ಕೈಗೆ ಕೊಟ್ಟಳು. ಆ ಕಡೆಯ ತಳಿ. ಗಂಗಕ್ಕ ಕಿವಿಯ ಹತ್ತಿರ ಅಲುಗಾಡಿಸಿ ಬೀಜದ ಸದ್ದು ಕೇಳಿ, ಚೂರು ಮುರಿದು ಬಾಯಿಗೆ ಹಾಕಿದಳು. "ಬರೇ ಬಣ್ಣ, ಖಾರನ ಇಲ್ಲ. ನಮ್ಮದರ ತಂಗಿ ಇದು."

ವಖಾರ ತೋರಿಸಿದರು. ನೆಲದಿಂದ ಒಂದು ಗೇಣು ಎತ್ತರದಲ್ಲಿ ಹಲಗೆ ಹಾಕಿ ಚೀಲ ಇಟ್ಟಿದ್ದರು. ಗಂಗಕ್ಕ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಓಡಾಡಿದಳು. ಬಗ್ಗಿ ಮೂಲೆಯ ನೆಲಕ್ಕೆ ಅಂಗೈ ಊರಿದಳು. ಆ ನೆಲ ಎಷ್ಟು ಒಣಗಿದೆ ಎಂದು ಬೂಟು ಹಾಕಿಕೊಂಡಿದ್ದ ನನಗೂ ಕಾಣುತ್ತಿತ್ತು.

ಹೊರಗೆ ಇನ್ಮಾ ನನ್ನನ್ನು ಪಕ್ಕಕ್ಕೆ ಕರೆದಳು. ನಿಮ್ಮ ಕಾಯಿ ಒಣಗಿಯೇ ಬಂದಿದ್ದರೆ ತಪ್ಪು ವಖಾರದ್ದಾಗುತ್ತದೆ, ವಖಾರವೆಂದರೆ ಆಂತೋನಿಯಾ, ಮಾಲೀಕರು ಅವಳನ್ನು ತೆಗೆಯುತ್ತಾರೆ, ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದ್ದಾಳೆ ಎಂದಳು. ನಾಳೆ ಆಕೆ ಏನು ಹೇಳುತ್ತಾಳೋ ಅದರ ಮೇಲೆ, ಎಂದು ಗಂಗಕ್ಕನ ಕಡೆ ನೋಡಿದಳು. ಇದುವರೆಗೆ ನಾವು "ಅವರ ವಖಾರ" ಎಂದಷ್ಟೇ ಮಾತಾಡುತ್ತಿದ್ದೆವು. ಅದಕ್ಕೆ ಒಂದು ಮುಖ ಇರಬಹುದೆಂದು ಬ್ಯಾಡಗಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ವಾಪಸು ಬರುವಾಗ ಗಂಗಕ್ಕ ಇನ್ಮಾಳ ಬಗ್ಗೆ ಕೇಳಿದಳು. "ಆ ಹುಡುಗಿ ನಿಮಗ ಏನ ಹೇಳಿದ್ಲು?"

ಹೇಳಿದೆ. ಇದನ್ನು ಹೇಳಿದ್ದು ಮಾತ್ರ ನನಗೆ ಸರಿಯಾಗಿ ನೆನಪಿದೆ. ಸಾವಕಾರ್ರು ಮುಂದಿನ ಸೀಟಿನಲ್ಲಿದ್ದರು, ತಿರುಗಿ ನೋಡಲಿಲ್ಲ.

"ನಾವು ಯಾಕ ಬಂದೀವಿ ಅಂತ ಆಕೀಗೆ ಗೊತ್ತಿತ್ತ?"

"ಇರಬೇಕ್ರಿ."

"ಗೊತ್ತಿದ್ದೂ ಮುದ್ದು ಕೊಟ್ಲಲ್ಲ" ಎಂದಳು ಗಂಗಕ್ಕ.

ಮುರ್ಸಿಯಾ, ಎರಡನೇ ದಿನ

ಉದ್ದನೆಯ ಮೇಜು. ಒಂದು ಕಡೆ ಮಾಲೀಕ, ಇನ್ಮಾ, ಕೊನೆಯಲ್ಲಿ ಆಂತೋನಿಯಾ. ಇನ್ನೊಂದು ಕಡೆ ನಾವು ಮೂವರು. ನಡುವೆ ಬಿಳಿ ತಟ್ಟೆಯಲ್ಲಿ, ತೋರಿಸಲೆಂದು ಬ್ಯಾಡಗಿಯಿಂದ ತೊಟ್ಟು ಸಮೇತ ತಂದಿದ್ದ ನಮ್ಮ ಒಣ ಮೆಣಸಿನಕಾಯಿ. ಎಲ್ಲರ ಮುಂದೆ ಒಂದೊಂದು ಗ್ಲಾಸು ನೀರು.

ತೊಟ್ಟು ತೆಗೆಯುವುದನ್ನು ತೋರಿಸಲು ಹೇಳಿದರು. ಗಂಗಕ್ಕ ಒಂದು ಕಾಯಿ ಎತ್ತಿ ಹೆಬ್ಬೆರಳಿಂದ ಮೀಟಿದಳು. ಕಾಯಿ ಮುರಿಯಿತು. ಇನ್ನೊಂದು, ಅದೂ ಮುರಿಯಿತು. ಬೀಜ ತಟ್ಟೆಯ ತುಂಬ ಚೆಲ್ಲಿತು. ಮಾಲೀಕ ಸೀನಿದ. ಇಷ್ಟು ದೂರ ಕರೆತಂದ ಸಾವಕಾರ್ರು ಇದೊಂದನ್ನು ಯೋಚಿಸಿರಲಿಲ್ಲ. ಬ್ಯಾಡಗಿಯ ಕೈ ಒಣಗಿದ ಕಾಯಿಯ ಮೇಲೆ ಓಡುವುದಿಲ್ಲ.

ಇಲ್ಲಿಂದ ಮುಂದಿನದು ನನ್ನ ನೆನಪಿನಲ್ಲಿ ಎರಡು ಥರ ಇದೆ.

ಇನ್ಮಾ ಕೇಳಿದಳು: ತೊಟ್ಟು ತೆಗೆದ ಮೇಲೆ ಎಷ್ಟು ದಿನ ಒಣಗಿಸಿದಿರಿ? ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಸಾವಕಾರ್ರು ಮೆಲ್ಲಗೆ, "ಎರಡು ದಿನ ಅನ್ನು ಗಂಗಮ್ಮ" ಎಂದರು. ಒಂದು ನೆನಪಿನ ಪ್ರಕಾರ ನಾನು ಸುಮ್ಮನೆ ಕಾದೆ. ಇನ್ನೊಂದರ ಪ್ರಕಾರ, ಗಂಗಕ್ಕ ಬಾಯಿ ತೆರೆಯುವ ಮೊದಲೇ, ಎರಡು ದಿನ ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟಿದ್ದೆ. ಆ ಪದಗಳ ರುಚಿ ಈಗಲೂ ಬಾಯಲ್ಲಿ ಇದೆ. ಆದರೆ ಆಡಿದ ಮಾತಿನ ರುಚಿಯೋ, ಆಡಲು ತಯಾರಾಗಿದ್ದ ಮಾತಿನದೋ ಎಂದು ಹೇಳಲಾರೆ.

ಗಂಗಕ್ಕ ಮಾಡಿದ್ದರಲ್ಲಿ ಅನುಮಾನವಿಲ್ಲ. ತನ್ನ ಮುಂದಿನ ಗ್ಲಾಸಿನಲ್ಲಿ ಐದೂ ಬೆರಳು ಅದ್ದಿ ಕಾಯಿಯ ಮೇಲೆ ಚಿಮುಕಿಸಿದಳು. ಕೈಯಾಡಿಸಿದಳು. ಕಾದಳು. ಆಮೇಲೆ ಶುರು ಮಾಡಿದಳು. ತೊಟ್ಟುಗಳು ಟಕ್ ಟಕ್ ಎಂದು ಬೇರೆಯಾಗಿ ಬಿದ್ದವು, ಒಂದು ಕಾಯಿಯೂ ಮುರಿಯಲಿಲ್ಲ, ಒಂದು ಬೀಜವೂ ಉದುರಲಿಲ್ಲ. ತಟ್ಟೆ ಮುಗಿದ ಮೇಲೆ ಎದ್ದು ಮೇಜು ಸುತ್ತಿ ಹೋಗಿ, ಆ ಒದ್ದೆ ಕಾಯಿಯಲ್ಲಿ ಒಂದು ಹಿಡಿಯನ್ನು ಆಂತೋನಿಯಾಳ ಅಂಗೈಗೆ ಹಾಕಿ, ಅವಳ ಬೆರಳು ಮಡಚಿ ಮುಚ್ಚಿದಳು.

"ಹಿಂಗ ಇದ್ದಾಗನ ಚೀಲಕ್ಕ ತುಂಬೀವಿ" ಎಂದಳು ನನ್ನ ಕಡೆ ನೋಡಿ. "ಬಿಸಲಿಗೆ ಹಾಕಿಲ್ಲ. ಹೇಳ್ರಿ ಸರ."

ನಾನು ಹೇಳಿದೆ. ಹೇಳುವ ಮೊದಲೇ ಇನ್ಮಾ ಬರೆದುಕೊಳ್ಳುತ್ತಿದ್ದಳು. ಹಾಗಾಗಿ ನನ್ನ ಮಾತಿಗೆ ಅಲ್ಲಿ ಏನು ಬೆಲೆಯಿತ್ತೋ ಗೊತ್ತಿಲ್ಲ.

ಸಾವಕಾರ್ರು ಕೂಗಾಡಲಿಲ್ಲ. ಮಾಲೀಕ ಎದ್ದು ಬಂದು ಅವರ ಕೈ ಕುಲುಕಿದಾಗ ಕುಲುಕಿದರು. ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಿಂತು ಮೂವರಿಗೂ ಕಾಫಿ ಹೇಳಿದರು. ಗಂಗಕ್ಕನ ಕಪ್ಪಿಗೆ ತಾವೇ ಸಕ್ಕರೆ ಹಾಕಿದರು.

"ಹಂಗ ಮಾಡಬಾರದಾಗಿತ್ತು ಗಂಗಮ್ಮ."

"ಹೌದ್ರಿ."

"ಮುಂದಿನ ಸುಗ್ಗಿಗೆ ಬರಬ್ಯಾಡ."

"ಆತ್ರಿ ಯಪ್ಪಾ" ಎಂದು ಗಂಗಕ್ಕ ಕಾಫಿ ಕುಡಿದಳು. ಸ್ವಲ್ಪ ಹೊತ್ತಿನ ಮೇಲೆ, "ಸ್ವೆಟರ್ ವಾಪಸ್ ಕೊಡ್ಲ್ಯಾ?" ಎಂದು ಕೇಳಿದಳು. ಸಾವಕಾರ್ರಿಗೆ ನಗು ಬಂತು. ತಡೆಯಲು ನೋಡಿ ಆಗಲಿಲ್ಲ. "ಇಟಗೋ, ಥಂಡಿ ಐತಿ" ಎಂದರು. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ರಾಣೆಬೆನ್ನೂರು

ಬಂದ ಮೇಲೆ ನಾನು ಆ ಪಿಕ್ಚರಿನ ಸಿ.ಡಿ. ಹುಡುಕಿದೆ. ಆ ಹುಡುಗಿ ಒಂದು ಸಲವಾದರೂ "ಅವರು ಏನು ಮಾಡಿದರು" ಎಂದು ಕೇಳುತ್ತಾಳೋ ಇಲ್ಲವೋ ತಿಳಿಯಬೇಕಿತ್ತು. ಬಸ್ಸಿನಲ್ಲಿ ನಾನು ಸುಳ್ಳು ಹೇಳಿ, ಅದನ್ನು ನಂಬಿ ಗಂಗಕ್ಕ ನಿಜ ಹೇಳಿದ್ದರೆ, ಅದು ಅವಳ ಹನ್ನೊಂದು ಹೆಣ್ಣುಮಕ್ಕಳ ಕೆಲಸದ ಮೇಲೆ ಬಿದ್ದ ಸುಳ್ಳು. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯವನು, "ಹೆಣ್ಮಗಳು ಪಿಸ್ತೂಲ್ ಹಿಡಿದಿದ್ದು ಬೇಕಲ್ರೀ? ಮೂರ ಅದಾವ, ಯಾವುದು ಒಯ್ತೀರಿ?" ಎಂದ. ಮೂರನ್ನೂ ಒಯ್ದೆ. ಎರಡು ಬೇರೆಯವು. ಮೂರನೆಯದು ಅದೇ ಇರಬೇಕು, ಆದರೆ ಅರ್ಧಕ್ಕೆ ನಿಂತು ಹುಡುಗಿಯ ಮುಖ ಚೌಕ ಚೌಕವಾಗಿ ಒಡೆಯಿತು. ಮತ್ತೆ ಮುಂದೆ ಹೋಗಲಿಲ್ಲ.

ಇದನ್ನು ಗಂಗಕ್ಕನಿಗೆ ಹೇಳಿದರೆ ಬೈಯುತ್ತಾಳೆಂದುಕೊಂಡಿದ್ದೆ. "ನಾ ನಿಜಾ ಹೇಳಿದ್ದು ಆ ಪಿಚ್ಚರ್ ನೋಡಿ ಅಲ್ರಿ ಸರ" ಎಂದಳು, "ನಾ ಅಲ್ಲಿ ನೆಲಾ ಮುಟ್ಟಿ ನೋಡಿದ್ನಲ್ಲ."

ಮತ್ತೆ ಬ್ಯಾಡಗಿ

ಮುಂದಿನ ಸುಗ್ಗಿಯಲ್ಲಿ ಗಂಗಕ್ಕ ಮಾರುಕಟ್ಟೆಯ ತುದಿಯ ಒಂದು ಸಣ್ಣ ಅಂಗಡಿಯಲ್ಲಿ ಕೂತಿದ್ದಳು. ಹನ್ನೊಂದರಲ್ಲಿ ಏಳು ಜನ ಅವಳ ಜೊತೆ ಬಂದಿದ್ದರು. ನಾಲ್ವರು ಸಾವಕಾರ್ರ ಹತ್ತಿರವೇ ಉಳಿದಿದ್ದರು. ಅವರ ಬಗ್ಗೆ ಕೇಳಿದರೆ, "ಮನೀ ನೋಡಬೇಕಲ್ರಿ ಅವ್ರೂ" ಎಂದಳು. ಕೈ ನಿಂತಿರಲಿಲ್ಲ. ಘಾಟಿಗೆ ನಾನು ಕೆಮ್ಮುತ್ತಲೇ ಇದ್ದೆ.

"ಆ ವಖಾರದಾಕಿ ಕೆಲಸ ಉಳೀತೇನ್ರಿ?"

ನನಗೆ ಗೊತ್ತಿರಲಿಲ್ಲ. ಒಂದು ವರ್ಷ ನಾನು ಒಂದು ಸಿನಿಮಾ ದೃಶ್ಯ ಹುಡುಕುತ್ತ ತಿರುಗಿದ್ದೆ, ಇದನ್ನು ವಿಚಾರಿಸಿರಲಿಲ್ಲ. ಹಾವೇರಿಗೆ ಹೋಗಿ ಇನ್ಮಾಗೆ ಈ-ಮೇಲ್ ಬರೆದೆ. ಆ ದಿನ ಮೊದಲು ನಾನೇನು ಹೇಳಿದೆ ಎಂದೂ ಅದೇ ಪತ್ರದಲ್ಲಿ ಕೇಳಬಹುದಿತ್ತು. ಅವಳು ಬರೆದುಕೊಂಡಿದ್ದಳು, ನೋಡಿ ಹೇಳುತ್ತಿದ್ದಳು. ಕೇಳಲಿಲ್ಲ. ಉತ್ತರ ಎರಡೇ ಸಾಲು: ಆಂತೋನಿಯಾ ಇಲ್ಲೇ ಇದ್ದಾಳೆ, ವಖಾರದ ಫೋನ್ ನಂಬರು ಇದು.

ಬರೆದದ್ದನ್ನು ನಾನು ಸುಲಭಕ್ಕೆ ನಂಬುವವನಲ್ಲ. ಒಂದು ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಗಂಗಕ್ಕನನ್ನು ಕರೆದುಕೊಂಡು ಬ್ಯಾಡಗಿ ಸ್ಟೇಷನ್ ರಸ್ತೆಯ ಎಸ್.ಟಿ.ಡಿ. ಬೂತಿಗೆ ಹೋದೆ. ಅಲ್ಲಿ ಮುಂಜಾನೆಯ ಹೊತ್ತು. ಎರಡು ಸಲ ತಪ್ಪಿ ಮೂರನೇ ಸಲ ಹತ್ತಿತು. ಒಂದು ಹೆಂಗಸಿನ ದನಿ. ನಾನು ಬ್ಯಾಡಗಿ ಎಂದೆ, ಗಂಗಾ ಎಂದೆ, ರಿಸೀವರನ್ನು ಗಂಗಕ್ಕನ ಕೈಗೆ ಕೊಟ್ಟೆ. ಅವಳು ಮೆಣಸಿನಕಾಯಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿ ಹಿಡಿದುಕೊಂಡಳು. ಆ ಕಡೆಯಿಂದ ಸ್ಪ್ಯಾನಿಷ್, ಈ ಕಡೆಯಿಂದ "ಹೂಂ, ಆರಾಮ ಅದೇನಿ, ನೀ?" ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಈ ಸಲ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಫೋನ್ ಇಟ್ಟು ಗಂಗಕ್ಕ ನನ್ನ ಕಡೆ ತಿರುಗಿದಳು. "ಆಕೀನ ರಿ" ಎಂದಳು.

ಆಂತೋನಿಯಾ ಆ ವಖಾರದಲ್ಲೇ ಕೆಲಸಕ್ಕಿದ್ದಾಳೆ. ಇಷ್ಟನ್ನು ಮಾತ್ರ ನಾನು ವಿಚಾರಿಸಿ ತಿಳಿದುಕೊಂಡಿದ್ದೇನೆ.